ಹಂಚು ಕೈಯಾಡಿಸಿದ ದಿನ

ಆ ಮಧ್ಯಾಹ್ನ ಮಳೆ ಬಂದಿತ್ತೋ ಇಲ್ಲವೋ, ನನಗೆ ಖಚಿತವಾಗಿ ಗೊತ್ತಿಲ್ಲ. ನೆನಪಿನಲ್ಲಿ ಒಂದು ಬಿಚ್ಚಿದ ಕೊಡೆಯಿದೆ. ಅದರ ಕೆಳಗೆ ಚಾಪೆಯ ಮೇಲೆ ಮಲಗಿದ ಮುದುಕಿ, ಪಕ್ಕದಲ್ಲಿ ಕೊಡೆ ಹಿಡಿದು ಕುಳಿತ ಸೊಸೆ, ಮೇಲೆ ಹಂಚಿಲ್ಲದ ರೀಪುಗಳ ನಡುವೆ ತುಂಡು ತುಂಡಾಗಿ ಕಾಣುವ ಆಕಾಶ. ಕೊಡೆ ಇದ್ದ ಮೇಲೆ ಮಳೆ ಇದ್ದಿರಲೇಬೇಕು ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಒಮ್ಮೆ ಮಾತಿಗೆ ಬಂದಾಗ ಸೋದರಮಾವನ ಹೆಂಡತಿ, ನನ್ನ ಅತ್ತೆ, "ಎಂಥ ಮಳೆ ಮಾರಾಯ? ಸುಡುಬಿಸಿಲು. ಬಿಸಿಲಿಗೆ ಹಿಡ್ಕಂಡಿದ್ಲು ಅವ್ಳು" ಅಂದುಬಿಟ್ಟರು. ಅಂದಿನಿಂದ ನನ್ನ ನೆನಪಿನ ಮಳೆ ನಿಂತಿದೆ, ನೆಲ ಮಾತ್ರ ಇನ್ನೂ ಒದ್ದೆಯಾಗಿಯೇ ಇದೆ.

ಇದಕ್ಕಿಂತ ದೊಡ್ಡ ಅನುಮಾನ ಇನ್ನೊಂದಿತ್ತು. ಆ ರೀಪುಗಳ ಮೇಲಿಂದ ಇಳಿಸಿದ ಹಂಚುಗಳು ನಿಜವಾಗಿ ಒಡೆದಿದ್ದವೇ? ಒಡೆದಿದ್ದರೆ ನನ್ನ ಸೋದರಮಾವ ಬರೀ ನಿಧಾನದ ಮನುಷ್ಯ. ಒಡೆದಿರದಿದ್ದರೆ ಅವರನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ತಿಳಿಯದು. ಮೈಸೂರಿನಲ್ಲಿ ತರ್ಕಶಾಸ್ತ್ರ ಓದಿ ಬಂದವನು ನಾನು. ಕಂಡದ್ದು, ಕೇಳಿದ್ದು, ಊಹಿಸಿದ್ದು ಬೇರೆ ಬೇರೆ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ. ಸ್ವಂತ ನೆನಪಿನ ಮೇಲೆ ಆ ವಿದ್ಯೆಯನ್ನು ಪ್ರಯೋಗಿಸಿದರೆ ಮೂರೂ ಕಲಸಿದ ಅನ್ನದ ಹಾಗೆ ಸೇರಿಹೋಗಿವೆ.

ಇದನ್ನು ಈಗ ಬರೆಯಲು ಕಾರಣವಿದೆ. ತೀರ್ಥಹಳ್ಳಿಯಲ್ಲಿ ನನ್ನದೊಂದು ಮನೆ ಬಾಡಿಗೆಗಿದೆ. ಹೊಸದಾಗಿ ಮನೆ ಕಟ್ಟಿಸಿ ಒಂದು ಪಾಲನ್ನು ಬಾಡಿಗೆಗೆ ಬಿಡಹೊರಟ ಪರಿಚಿತರು ಬಂದು ಕೂತು, ಬಾಡಿಗೆಯವರನ್ನು ಹೇಗೆ ಆರಿಸಬೇಕು, ಹೇಗೆ ಹದ್ದುಬಸ್ತಿನಲ್ಲಿ ಇಡಬೇಕು ಎಂದು ಕೇಳುತ್ತಾರೆ. ಆ ವಿಷಯದಲ್ಲಿ ನನ್ನ ಬಳಿ ಇರುವ ಬುದ್ಧಿಯೆಲ್ಲ ಹೇಸಿಗೆಯಿಂದ ಬಂದದ್ದು. ಹೇಸಿಗೆಯನ್ನು ಬಿಟ್ಟು ಬುದ್ಧಿಯನ್ನಷ್ಟೇ ಹೇಳಿದರೆ ಯಾರ ತಲೆಗೂ ಹತ್ತುವುದಿಲ್ಲ.

ಅರವತ್ತರ ದಶಕದ ನಡುವಿನ ಮಾತು. ಓದು ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಹೊಸನಗರದ ಕಡೆಯ ನಮ್ಮ ಮನೆಯಲ್ಲಿ ಕೂತಲ್ಲಿ ಕೂರಲಾರದೆ ಸಾಗರದಲ್ಲಿದ್ದ ಮಾವನ ಮನೆಗೆ ಬಂದಿದ್ದೆ. ಮಾವನಿಗೆ ಪೇಟೆಯ ಹಿಂಬದಿಯಲ್ಲಿ ಒಂದು ಸಾಲುಮನೆ ಇತ್ತು. ಉದ್ದಕ್ಕೆ ಒಂದೇ ಮಾಡು, ಅಂದರೆ ಒಂದೇ ಹಂಚಿನ ಚಾವಣಿ. ಅದರ ಕೆಳಗೆ ನಾಲ್ಕು ಬಾಗಿಲು, ನಾಲ್ಕು ಸಂಸಾರ, ಮುಂದೆ ಉದ್ದಕ್ಕೂ ಹರಿದ ಒಂದು ಜಗಲಿ. ಎಲ್ಲರಿಗೂ ಸೇರಿ ಒಂದು ಬಾವಿ, ಒಂದು ಕಕ್ಕಸು.

ಆ ಕಕ್ಕಸಿನ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ತಗಡಿನ ಬಾಗಿಲು, ಒಳಗೆ ಎರಡು ಕಲ್ಲು, ಕಲ್ಲುಗಳ ಕೆಳಗೆ ಡಬ್ಬ. ಡಬ್ಬ ಎತ್ತುವವರು ಬಾರದ ದಿನಗಳಲ್ಲಿ ನೊಣಗಳು ಬಾಗಿಲಿನ ಸಂದಿಯಿಂದ ಹೊಗೆಯ ಹಾಗೆ ಏಳುತ್ತಿದ್ದವು. ಮನುಷ್ಯರ ಹೇಲನ್ನು ಮನುಷ್ಯರೇ ತಲೆಯ ಮೇಲೆ ಹೊತ್ತು ಹೋಗುವುದನ್ನು ಆ ಸಾಲುಮನೆಯವರು ಬಾಗಿಲು ಹಾಕಿಕೊಂಡು ಸಹಿಸುತ್ತಿದ್ದರು. ಸಹಿಸುತ್ತಿದ್ದದ್ದು ವಾಸನೆಯನ್ನು, ಹೊರುವವರ ವಿಷಯ ಯಾರ ತಲೆಯಲ್ಲೂ ಇರಲಿಲ್ಲ. ಸಾಲುಮನೆಗೆ ಹೋಗುವಾಗ ಮಾವ ಶಲ್ಯದ ತುದಿಗೆ ಅತ್ತರು ಹಚ್ಚಿಕೊಂಡು ಹೊರಡುತ್ತಿದ್ದರು. ಕಕ್ಕಸನ್ನು ಸರಿಮಾಡಿಸಬಹುದೆಂಬ ಯೋಚನೆ ಅವರಿಗೆ ಒಮ್ಮೆಯೂ ಬರಲಿಲ್ಲ, ಅತ್ತರಿನ ಯೋಚನೆ ಬಂತು.

ಕೆಲಸವಿಲ್ಲದ ನನ್ನನ್ನು ಮಾವ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲೆಲ್ಲ ಉಪದೇಶ.

"ಬಾಡಿಗೆಯವ್ರ ಮುಖ ನೋಡ್ಬೇಡ ಮಾರಾಯ, ಪಾತ್ರೆ ನೋಡು. ಪಾತ್ರೆ ಕಡಿಮೆ ಇದ್ದವ್ರು ಹೇಳಿದ ಕೂಡ್ಲೆ ಖಾಲಿ ಮಾಡ್ತಾರೆ. ವಕೀಲ್ರಿಗೆ ಕೊಡ್ಬೇಡ, ಪೋಲೀಸಿನವ್ರಿಗೆ ಕೊಡ್ಬೇಡ. ಮೇಷ್ಟ್ರಿಗೆ ಕೊಡು. ಮೇಷ್ಟ್ರು ಜಗಳ ಆಡಿದ್ರೂ ವ್ಯಾಕರಣ ತಪ್ಪದ ಹಾಗೆ ಆಡ್ತಾರೆ, ಅಷ್ಟೊತ್ತಿಗೆ ಸಿಟ್ಟು ಇಳಿದಿರ್ತದೆ."

"ಎಬ್ಬಿಸ್ಬೇಕು ಅಂದ್ರೆ?" ಎಂದು ಕೇಳಿದೆ.

"ಬಾವಿ ಹಗ್ಗ ನಿನ್ನ ಕೈಲಿರ್ಲಿ. ಹಗ್ಗ ಸವೆದಿದೆ, ಹೊಸದು ತರಿಸ್ಬೇಕು ಅಂತ ಬಿಚ್ಕಂಡು ಮನೆಗೆ ಬಾ. ನಾ ಯಾರನ್ನೂ ಹೋಗು ಅಂತ ಬಾಯಿಬಿಟ್ಟು ಹೇಳಿದವನಲ್ಲ. ಹಂಗೆ ಹೇಳಿದ್ರೆ ಪಾಪ."

ಪಾಪದ ಬಗ್ಗೆ ಮಾವನಿಗಿದ್ದ ಎಚ್ಚರ ನನಗೆ ಆಗ ತಮಾಷೆಯಾಗಿ ಕಂಡಿತ್ತು. ಬಾಗಿಲು ತಟ್ಟದೆ ಬಾಡಿಗೆಯವರ ಅಡಿಗೆಮನೆಗೆ ನುಗ್ಗುತ್ತಿದ್ದರು. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ, ಮೀನಿನ ವಾಸನೆ ಬರುತ್ತದೋ ಎಂದು ಮೂಸಿ, ಮುಚ್ಚಳವನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಮತ್ತೆ ಇಡುತ್ತಿದ್ದರು. ಹೆಂಗಸರು ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ಹೊರಗೆ ಬಂದು ಬಾವಿಕಟ್ಟೆಯಲ್ಲಿ ಆ ಎರಡು ಬೆರಳುಗಳನ್ನು ಮಾತ್ರ ತೊಳೆದು, ಎಲೆಯಡಿಕೆಯ ಕೆಂಪು ಉಗುಳನ್ನು ಆ ಬಾಡಿಗೆಯವರ ಗೋಡೆಗೇ ಉಗಿಯುತ್ತಿದ್ದರು. ಮನೆ ತನ್ನದು ಎಂದು ನೆನಪಿಸುವ ರೀತಿ ಅದು.

ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಊರುಗಳು ಒಳಗೆ ಹೋದ ಕಾಲ. ಯೋಜನೆಯ ಕೆಲಸದವರಿಗೆ ಕಾರ್ಗಲ್ಲಿನಲ್ಲಿ ಮನೆಗಳು ಎದ್ದಿದ್ದವು. ಮನೆ ಮುಳುಗಿಸಿಕೊಂಡವರು ಲಾರಿಗಳಲ್ಲಿ ಒಲೆಗಲ್ಲು, ಒರಳು, ಬಾಗಿಲಿನ ಚೌಕಟ್ಟು ಹೇರಿಕೊಂಡು ಕಂಡ ಕಡೆ ಇಳಿಯುತ್ತಿದ್ದರು. ಹಾಗೆ ಬಂದವರಲ್ಲಿ ಒಬ್ಬ ಮಾವನ ಸಾಲಿನ ಕೊನೆಯ ಮನೆಯನ್ನು ಕೇಳಿದ. ನದಿಯ ದಡದಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದವನು. ಗದ್ದೆ ಇನ್ನೊಬ್ಬರ ಹೆಸರಿನಲ್ಲಿದ್ದದ್ದರಿಂದ ಅವನ ಪಾಲಿಗೆ ಬಂದದ್ದು ನೀರು ಮಾತ್ರ. ಸಾಗರದ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುವ ಕೆಲಸ ಹಿಡಿದಿದ್ದ. ಹೆಂಡತಿ, ತಾಯಿ, ಇಷ್ಟೇ ಸಂಸಾರ.

ಕೊನೆಯ ಮನೆಯನ್ನು ಬೇರೆ ಯಾರೂ ಕೇಳುತ್ತಿರಲಿಲ್ಲ, ಅದರ ಗೋಡೆಗೆ ಹೊಂದಿಕೊಂಡೇ ಕಕ್ಕಸಿತ್ತು. ಮನೆ ಅಂದರೆ ಒಂದು ಕೋಣೆ, ಹಿಂದೆ ಅಡಿಗೆಗೆ ಕಾಲು ಚಾಚಲೂ ಜಾಗವಿಲ್ಲದ ಒಂದು ತಗಡಿನ ಇಳಿಜಾರು. ಅವರು ನೋಡಲು ಬಂದ ದಿನ ನಾನಿದ್ದೆ. ಮಗ ಮೂಗು ಮುಚ್ಚಿಕೊಂಡ. ಮುದುಕಿ ಕೋಣೆಯ ನಡುವೆ ನಿಂತು ಕತ್ತೆತ್ತಿ ಮೇಲೆ ನೋಡತೊಡಗಿದಳು.

"ಅವ್ವಾ, ವಾಸನೆ ಐತಲ್ಲ" ಅಂದ ಮಗ.

"ವಾಸನೆ ನಿನ್ ಮೂಗಿಗೆ. ನಾ ನೋಡ್ತಿರೋದು ಮಾಡು" ಅಂದಳು ಮುದುಕಿ. ಆಮೇಲೆ ಮಾವನ ಕಡೆ ತಿರುಗಿದಳು. "ಒಡೆಯಾ, ನನ್ ಮನೆ ನೀರೊಳಗೆ ಹೋತು. ಈಗ ನನ್ ಒಲೆ ಮೇಲೆ ಮೀನು ಕುಂತಿರ್ತಾವೆ. ಮೊದ್ಲು ನಾ ಅವನ್ನ ಬೇಯಿಸ್ತಿದ್ದೆ, ಈಗ ಅವು ನನ್ ಅಡಿಗೆಮನೆ ಆಳ್ತಾವೆ. ಹೋಗ್ಲಿ ಬಿಡಿ. ಈ ಮಾಡಿನ ಅಡೀಲಿ ನನ್ ಉಸಿರು ಹೋದ್ರೆ ಸಾಕು. ಮತ್ತೆ ಎಲ್ಲಿಗೂ ಎಬ್ಬಿಸ್ಬ್ಯಾಡಿ ನನ್ನ."

ಮೀನಿನ ಮಾತಿಗೆ ಮುಖ ಸಿಂಡರಿಸಿದ ಮಾವ, ಕೊನೆಯ ಮಾತಿಗೆ ನಕ್ಕರು. "ಅದಕ್ಕೆಂಥ ಅಜ್ಜಿ, ನೂರು ವರ್ಷ ಇರು" ಅಂದರು. ಆದರೆ ವಾಪಸು ಬರುವ ದಾರಿಯಲ್ಲಿ ಉಪದೇಶ ನಿಂತುಹೋಗಿತ್ತು. ಮನೆ ಹತ್ತಿರ ಬಂದಾಗ, "ಆ ಮುದುಕಿ ಮಾತು ನಂಗೆ ಸರಿ ಬರ್ಲಿಲ್ಲ" ಅಂದರು.

ಏಕೆ ಸರಿಬರಲಿಲ್ಲ ಎಂಬುದನ್ನು ಹೇಳಬೇಕು. ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಆ ಮನೆಗೆ ದೋಷ. ಒಳಗಿದ್ದವರೆಲ್ಲ ಬಿಟ್ಟು ಹೋಗಿ, ಬಾಗಿಲು ಹಾಕಿ, ಕೆಲವು ತಿಂಗಳು ಮನೆಯನ್ನು ಖಾಲಿ ಬಿಡಬೇಕು. ಸ್ವಂತ ಮನೆಯವರಿಗೆ ಇದು ಭಯದ ವಿಷಯ. ಬಾಡಿಗೆಗೆ ಕೊಟ್ಟವರಿಗೆ ಇದು ಭಯವೂ ಹೌದು, ಅಷ್ಟು ತಿಂಗಳ ಬಾಡಿಗೆಯ ನಷ್ಟವೂ ಹೌದು. ಮಾವ ಮನೆ ಕೊಡುವ ಮೊದಲು, "ಮನೇಲಿ ಹಿರಿಯರು ಇದ್ದಾರಾ? ಆರೋಗ್ಯವಾ?" ಎಂದು ಕೇಳುತ್ತಿದ್ದದ್ದನ್ನು ನಾನು ಬಹಳ ದಿನ ಸೌಜನ್ಯ ಎಂದುಕೊಂಡಿದ್ದೆ.

ಮರುವರ್ಷದ ಬೇಸಿಗೆಯಲ್ಲಿ ಮುದುಕಿ ಹಾಸಿಗೆ ಹಿಡಿದಳು. ಕಾಲು ಊದಿಕೊಂಡಿತು, ಊಟ ಬಿಟ್ಟಳು. ಡಾಕ್ಟರು ನೋಡಿ ಮಗನ ಹೆಗಲು ತಟ್ಟಿ ಹೋದರು. ಅಂದಿನಿಂದ ಮಾವ ಬೆಳಗಾದರೆ ಸಾಲುಮನೆಗೆ ಹೋಗತೊಡಗಿದರು. ಹೋಗುವ ಮೊದಲು ಪಂಚಾಂಗ ತೆರೆದು ಅಂದಿನ ನಕ್ಷತ್ರ ನೋಡುತ್ತಿದ್ದರು. ಒಳ್ಳೆಯ ನಕ್ಷತ್ರದ ದಿನ ಎಳನೀರು ಒಯ್ಯುತ್ತಿದ್ದರು. ಕೆಟ್ಟ ನಕ್ಷತ್ರದ ದಿನ ಹೊಸಿಲಾಚೆ ನಿಂತು, "ಧೈರ್ಯವಾಗಿರು, ಎಂಥದೂ ಆಗಲ್ಲ ನಿಂಗೆ" ಎನ್ನುತ್ತಿದ್ದರು. ಒಳ್ಳೆಯ ದಿನಗಳಲ್ಲಿ ಮಾತ್ರ ಈ ಧೈರ್ಯ ಹೇಳುತ್ತಿರಲಿಲ್ಲ. ಹೊತ್ತಾದರೂ ಹೊರಡದ ಬಸ್ಸನ್ನು ನೋಡುವ ಹಾಗೆ ಅವಳನ್ನು ನೋಡುತ್ತ ನಿಲ್ಲುತ್ತಿದ್ದರು. ಆ ನೋಟವನ್ನು ಒಮ್ಮೆ ಕಂಡ ಮೇಲೆ ಮಾವನ ಜೊತೆ ಒಂದೇ ಪಂಕ್ತಿಯಲ್ಲಿ ಊಟ ಮಾಡುವುದು ನನಗೆ ಕಷ್ಟವಾಯಿತು.

ಮುದುಕಿಗೆ ಎಲ್ಲವೂ ಅರ್ಥವಾಗಿತ್ತು.

"ಹೇಗಿದ್ದಿ ಅಜ್ಜಿ?"

"ಇದೀನಿ ಒಡೆಯಾ. ಇವತ್ತು ಯಾವ ನಕ್ಷತ್ರ?"

"ಅದೆಲ್ಲ ನಿಂಗ್ಯಾಕೆ?"

"ಚಲೋದಿದ್ರೆ ಹೋಗಾನ ಅಂತ. ಎಳನೀರು ತಂದೀರಿ ನೋಡಿ, ಇವತ್ತು ಚಲೋದೇ ಇರ್ಬೇಕು."

ತಗಡಿನ ಇಳಿಜಾರಿನಲ್ಲಿ ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಾವ ಎಳನೀರನ್ನು ಗೋಡೆಗೆ ಒರಗಿಸಿ ಹೊರಗೆ ಬಂದರು. "ನಾಲಿಗೆ ನೋಡು ಅದರದ್ದು, ಸಾಯೋ ಕಾಲಕ್ಕೆ" ಎಂದು ಉಗಿದರು.

ಆಮೇಲೆ ಒಂದರ ಹಿಂದೆ ಒಂದು ಕೆಟ್ಟ ನಕ್ಷತ್ರಗಳೇ ಬರುವ ದಿನಗಳು ಹತ್ತಿರವಾದವು. ಮುದುಕಿಯ ಮಾತು ಕಡಿಮೆಯಾಯಿತು. ಸಾಲಿನ ಮೊದಲ ಮನೆಯಲ್ಲಿದ್ದ ಮೇಷ್ಟ್ರು ಮಾವನನ್ನು ನೋಡಲು ಬಂದರು. ಬಿಳಿ ಪಂಚೆ, ಕರಿ ಕೋಟು, ಬಹಳ ಮರ್ಯಾದೆಯ ಮನುಷ್ಯ.

"ತಾವು ಅನ್ಯಥಾ ಭಾವಿಸಬಾರದು. ಆ ಕೊನೇ ಮನೆಯಲ್ಲಿ ಹೆಚ್ಚುಕಮ್ಮಿ ಆದ್ರೆ ನಾವೆಲ್ಲ ಎಲ್ಲಿಗೆ ಹೋಗೋದು?"

"ನಿಮ್ಮನೆ ಬೇರೆ, ಅವ್ರ ಮನೆ ಬೇರೆ ಅಲ್ವೇನ್ರೀ?" ಅಂದರು ಮಾವ.

"ಗೋಡೆ ಬೇರೆ. ಮಾಡು ಒಂದೇ ಅಲ್ಲವೇ? ಪುರೋಹಿತ್ರನ್ನ ಒಂದು ಮಾತು ಕೇಳಿಬಿಡಿ."

ಪುರೋಹಿತರು ಬಂದರು. ಮಾವನ ಮನೆಯ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ, ಒಂದು ಮಾಡು ಅಂದರೆ ಒಂದು ಮನೆ, ನಡುವೆ ಗೋಡೆ ಎಷ್ಟಿದ್ದರೂ ಲೆಕ್ಕಕ್ಕಿಲ್ಲ ಅಂದರು. ನಾಲ್ಕು ಸಂಸಾರವೂ ಬಿಡಬೇಕು. ಮಾವ ಕತ್ತೆತ್ತಿ ಮೇಲಿನ ಹಂಚುಗಳನ್ನು ನೋಡಿದರು.

"ಮಾಡೇ ಇಲ್ದಿದ್ರೆ?"

"ಯಾವುದಕ್ಕೆ?"

"ಆ ಕೊನೇ ಕೋಣೆಗೆ."

"ಮಾಡಿಲ್ದಿದ್ರೆ ಅದು ಮನೆ ಹೆಂಗಾಗ್ತದೆ? ಬಯಲು ಅದು. ಬಯಲಲ್ಲಿ ಸತ್ರೆ ಯಾರಿಗೆಂಥ ದೋಷ?"

ನಾನು ಒಳಗೆ ಕಿಟಕಿಯ ಪಕ್ಕ ಕೂತು ಇದನ್ನು ಕೇಳಿಸಿಕೊಂಡೆ. ಹೀಗೆಂದು ನನ್ನ ನೆನಪು. ಮಾವ ಮುಂದೆ ಸಾಯುವ ತನಕ, ಅಂಥ ಮಾತುಕತೆಯೇ ನಡೆದಿಲ್ಲ ಎಂದರು.

ಮಾರನೆಯ ಬೆಳಿಗ್ಗೆ ಹಂಚಿನ ಕೆಲಸದವನು ಏಣಿ ತಂದ. ಮಳೆಗಾಲಕ್ಕೆ ಮೊದಲು ಮಾಡಿನ ಮೇಲೆ ಹತ್ತಿ, ಸರಿದ ಹಂಚುಗಳನ್ನು ಕೂರಿಸಿ, ಒಡೆದವನ್ನು ಬದಲಿಸುವುದಕ್ಕೆ ನಮ್ಮ ಕಡೆ ಹಂಚು ಕೈಯಾಡಿಸುವುದು ಎನ್ನುತ್ತೇವೆ. ಜ್ವರ ಬಂದ ಮಗುವಿನ ತಲೆಯ ಮೇಲೆ ಕೈಯಾಡಿಸುವ ಹಾಗೆ, ಮಾತೇ ಅಷ್ಟು ಮೃದು. ಕೈಯಾಡಿಸುವವರು ಸಾಮಾನ್ಯವಾಗಿ ಒಂದು ಸಾಲು ಎತ್ತಿ, ಅದನ್ನು ಕೂರಿಸಿ, ಮುಂದಿನ ಸಾಲಿಗೆ ಹೋಗುತ್ತಾರೆ. ಅಂದು ಅವನು ಕೊನೆಯ ಕೋಣೆಯ ಮೇಲಿನ ಹಂಚುಗಳನ್ನೆಲ್ಲ ಇಳಿಸಿ, ಹೊರಗೋಡೆಗೆ ಒಟ್ಟಿ, ಏಣಿಯನ್ನು ಹೆಗಲಿಗೇರಿಸಿದ. ಒಳಗೆ ಮುದುಕಿಯ ಚಾಪೆಯ ಮೇಲೆ ಮಸಿ, ಜೇಡರ ಬಲೆ, ಒಣಗಿದ ಹಲ್ಲಿಮೊಟ್ಟೆ ಉದುರಿ ಬಿದ್ದಿದ್ದವು.

ಮಗ ಮಿಲ್ಲಿನಿಂದ ಓಡಿ ಬಂದ. "ಹೊದಿಸೋದು ಯಾವಾಗ?"

"ಇಳಿಸು ಅಂದ್ರು, ಇಳಿಸ್ದೆ. ಹೊದಿಸು ಅಂದ್ರೆ ಹೊದಿಸ್ತೀನಿ. ಬಾಯಿ ಅವ್ರದ್ದು, ಏಣಿ ನಂದು" ಎಂದು ಕೆಲಸದವನು ಹೊರಟೇಬಿಟ್ಟ.

ಮಗ ಮೈಮೇಲಿನ ತೌಡನ್ನೂ ಕೊಡವಿಕೊಳ್ಳದೆ ಮಾವನ ಅಂಗಳಕ್ಕೆ ಬಂದ. "ಒಡೆಯಾ, ಅವ್ವ ಒಳಗ್ ಮಲಗೀದಾಳೆ."

"ಗೊತ್ತು ಮಾರಾಯ. ಅರ್ಧಕ್ಕರ್ಧ ಹಂಚು ಒಡೆದಿದಾವೆ. ಹೊಸದಕ್ಕೆ ಲಾರಿಯವ್ರಿಗೆ ಹೇಳಿದೀನಿ. ಬರ್ಬೇಕಲ್ಲ?"

"ಇದ್ದುದ್ದನ್ನೇ ಹೊದಿಸಿ ಒಡೆಯಾ. ಅವ್ವ ಹೆಚ್ಚು ದಿನ ಇರಲ್ಲ."

"ಒಡೆದ ಹಂಚು ಅವ್ಳ ತಲೆ ಮೇಲೆ ಬಿದ್ರೆ ನಾ ಉತ್ತರ ಹೇಳ್ಬೇಕಾ?"

"ಹಂಗಾರೆ ನಾನೇ ಎರಡು ಹೊರೆ ಹುಲ್ಲು ತಂದು ಹೊದಿಸ್ತೀನಿ."

"ಹುಲ್ಲಾ? ಬೆಂಕಿ ತಾಗಿದ್ರೆ? ಎಂಥದೂ ಹೊದಿಸ್ಬೇಡ. ಹುಲ್ಲೂ ಬೇಡ, ಸೋಗೆಯೂ ಬೇಡ, ಕಂಬಳಿಯೂ ಬೇಡ. ಲಾರಿ ಬರ್ಲಿ."

ಮಗ ಸಾಲುಮನೆಗೆ ತಿರುಗಿದ. ಬೆಂಕಿ ತಾಗುವುದು ಹುಲ್ಲಿಗೆ ಸರಿ, ಕಂಬಳಿಯೇಕೆ ಬೇಡ ಎಂದು ಅವನು ಕೇಳಲಿಲ್ಲ. ಜಗಲಿಗೆ ತಂದು ಮಲಗಿಸೋಣವೆಂದರೆ ಮೇಷ್ಟ್ರು, ಜಗಲಿ ನಾಲ್ಕೂ ಮನೆಯವರದ್ದು, ಮೇಲಿರುವುದು ಅದೇ ಮಾಡು ಎಂದು ಬಹಳ ವಿನಯದಿಂದ ತಡೆದರು. ಬೇರೆ ಕಡೆಗೆ ಸಾಗಿಸಲು ಮುದುಕಿಯ ಮೈಯಲ್ಲಿ ಅಲುಗಾಡುವ ಶಕ್ತಿ ಉಳಿದಿರಲಿಲ್ಲ.

ನಾನು ನೋಡಲು ಹೋದೆ. ಮೇಲಿನಿಂದ ಬಿಸಿಲು ಬೀಳುತ್ತಿತ್ತು. ಮಾಡು ತೆಗೆದ ಮೇಲೆ ಕಕ್ಕಸಿನ ನೊಣಗಳಿಗೆ ಬಾಗಿಲು ಹುಡುಕುವ ಕಷ್ಟ ತಪ್ಪಿತ್ತು. ಸೊಸೆ ಮೊರದ ಹಾಗಿನ ಗೆರಸೆಯಿಂದ ನೊಣ ಓಡಿಸುತ್ತಿದ್ದಳು. ಮುದುಕಿ ಕಣ್ಣು ತೆರೆದು ನನ್ನನ್ನು ನೋಡಿದಳು.

"ತಮ್ಮಾ, ನೀ ಓದಿದವ್ನಂತೆ. ಹಂಚು ಯಾವಾಗ ಹೊದಿಸ್ತಾರೆ?"

ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ಅಲ್ಲಿಂದ ಮನೆಗೆ ಹೋಗಿ ಮಾವನಿಗೆ, "ಇದು ಕೊಲೆ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ ಎಂದು ನನ್ನ ನೆನಪು ಹೇಳುತ್ತದೆ. ನನ್ನ ನೆನಪು ನನ್ನ ಬಗ್ಗೆ ಯಾವಾಗಲೂ ಒಳ್ಳೆಯದನ್ನೇ ಹೇಳುತ್ತದಾದ್ದರಿಂದ ಅದನ್ನು ನಂಬಲಾರೆ. "ಮಳೆ ಬರಬಹುದು" ಎಂದಷ್ಟೇ ಹೇಳಿರಬಹುದು. ಮಾವ, "ನೀ ಓದ್ಕಳ ಹೋಗು" ಅಂದದ್ದು ಮಾತ್ರ ಖಂಡಿತ.

ಮಾರನೆಯ ದಿನ ಮೇಷ್ಟ್ರು ಮತ್ತೆ ಬಂದರು. ಸೊಸೆ ಮುದುಕಿಯ ಮೇಲೆ ಕೊಡೆ ಬಿಚ್ಚಿದ್ದಾಳೆ, ಹಿಡಿಯನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿದ್ದಾಳೆ, ಇದರಿಂದ ಏನಾದರೂ ಆಗಬಹುದೇ ಎಂದರು. ಇಬ್ಬರು ದೊಡ್ಡವರು, ಒಬ್ಬರು ಊರ ಮಕ್ಕಳಿಗೆ ಪಾಠ ಹೇಳುವವರು, ಒಂದು ಹರಕು ಕೊಡೆಯನ್ನು ಮಾಡು ಅನ್ನಬಹುದೋ ಇಲ್ಲವೋ ಎಂದು ನನ್ನ ಎದುರಿಗೆ ಚರ್ಚೆ ಮಾಡಿದರು. ಮೈಸೂರಿನಲ್ಲಿ ನಾನು ಕೇಳಿದ ಯಾವ ಚರ್ಚೆಯೂ ಅಷ್ಟು ಶ್ರದ್ಧೆಯಿಂದ ನಡೆದಿರಲಿಲ್ಲ. ಮಾವ, ಪುರೋಹಿತರನ್ನು ಕೇಳಿ ಬಾ ಎಂದು ನನ್ನನ್ನು ಕಳಿಸಹೊರಟರು. ನಾನು ಏಳಲಿಲ್ಲ. ಮೇಷ್ಟ್ರೇ ಹೋಗಿ ಬಂದರು.

"ಕೈಲಿ ಹಿಡಿದದ್ದು ಮಾಡಲ್ಲವಂತೆ. ಕಟ್ಟಬಾರದು, ಅಷ್ಟೇ."

ಆಮೇಲೆ ಅವರು ನೇರವಾಗಿ ಕೊನೆಯ ಮನೆಗೆ ಹೋಗಿ, ಬಾಗಿಲಾಚೆ ನಿಂತು, ಕೆಟ್ಟ ಮಾತೊಂದನ್ನೂ ಆಡದೆ ಹೇಳಿದರು: "ತಂಗೀ, ಆ ಹಗ್ಗ ಬಿಚ್ಚಿಬಿಡಮ್ಮ. ಕೊಡೆ ಕೈಯಲ್ಲೇ ಹಿಡ್ಕೊ. ಕೈಯಲ್ಲಿ ಹಿಡ್ಕೊಂಡ್ರೆ ನಮ್ಮದೇನೂ ಅಭ್ಯಂತರ ಇಲ್ಲ."

ಸೊಸೆ ಹಗ್ಗ ಬಿಚ್ಚಿದಳು. ಗಂಡ ಹೆಂಡತಿ ಒಬ್ಬರಾದ ಮೇಲೆ ಒಬ್ಬರು ಕೊಡೆ ಹಿಡಿದು ಕೂತರು. ಅವನು ಮಿಲ್ಲಿಗೆ ಹೋಗುವುದನ್ನು ಬಿಟ್ಟ. ಇವಳು ಒಲೆ ಹಚ್ಚುವುದನ್ನು ಬಿಟ್ಟಳು. ಮುದುಕಿ ಎಚ್ಚರಾದಾಗಲೆಲ್ಲ ಅದೇ ಪ್ರಶ್ನೆ, ಹೊದಿಸಿದರಾ, ಹೊದಿಸಿದರಾ.

ಕೊನೆಯ ಮಧ್ಯಾಹ್ನ ನಾನು ಬಾಗಿಲ ಹತ್ತಿರ ಇದ್ದೆ. ಮಳೆಯಿತ್ತೋ ಬಿಸಿಲಿತ್ತೋ, ಮೊದಲೇ ಹೇಳಿದೆನಲ್ಲ. ಮುದುಕಿ ಕಣ್ಣು ತೆರೆದು ಮೇಲಿನ ಕರಿ ಬಟ್ಟೆಯನ್ನು ನೋಡಿದಳು.

"ಹೊದಿಸಿದ್ರಾ?"

"ಹೂಂ ಅವ್ವ. ಹೊದಿಸಿದ್ರು" ಅಂದ ಮಗ.

"ಇದ್ಯಾವ ಹಂಚಾ, ಕರೀ ಹಂಚು?"

ಅವಳಿಗೆ ಭ್ರಮೆಯಾಗಿತ್ತೋ, ಎಲ್ಲ ತಿಳಿದೇ ಎಂದಿನ ಹಾಗೆ ತಮಾಷೆ ಮಾಡಿದಳೋ, ನಾನು ಎರಡೂ ಕಡೆ ವಾದ ಮಾಡಬಲ್ಲೆ. ಮತ್ತೆ ಮಾತಾಡಲಿಲ್ಲ. ಸೊಸೆ ಕೊಡೆಯನ್ನು ಮಡಚದೆ ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದಳು. ಮಾವನಿಗೆ ಸುದ್ದಿ ಮುಟ್ಟಿದಾಗ ಅವರು ಮೊದಲು ಕೇಳಿದ್ದು, ಕೊಡೆ ಯಾರ ಕೈಯಲ್ಲಿತ್ತು ಎಂದು.

ಮರುದಿನ ನಾನು ತೀರ್ಥಹಳ್ಳಿಯ ಒಂದು ಹೈಸ್ಕೂಲಿನ ಕೆಲಸಕ್ಕೆ ಸಂದರ್ಶನವೆಂದು ಬಸ್ಸು ಹತ್ತಿದೆ. ನಾನು ವಾಪಸು ಬರುವಷ್ಟರಲ್ಲಿ ಹಂಚು ಹೊದಿಸಿ ಆಗಿತ್ತು, ಕೋಣೆಗೆ ಸುಣ್ಣ ಬಳಿದಿತ್ತು, ಮಗ ಸೊಸೆ ಹೊಸನಗರದ ಕಡೆಯ ನೆಂಟರಲ್ಲಿಗೆ ಹೊರಟುಹೋಗಿದ್ದರು. ಕಾರ್ಗಲ್ಲಿನ ಕೆಲಸ ಮುಗಿಸಿ ಬಂದ ಯಾರೋ ಗುಮಾಸ್ತರು ಮನೆ ನೋಡುತ್ತಿದ್ದರು. ಹಿಂದೆ ಇದ್ದವರು ಏಕೆ ಬಿಟ್ಟರು ಎಂದು ಕೇಳಿದರು. ಮಾವ ಕಣ್ಣು ಮಿಟುಕಿಸದೆ, "ಊರ ಕಡೆ ಹೋದ್ರು. ಈ ಮನೆಯೊಳಗೆ ಇವತ್ತಿನ ತನಕ ಒಂದು ಸಾವು ಆಗಿಲ್ಲ, ಯಾರನ್ನ ಬೇಕಾದ್ರೂ ಕೇಳಿ" ಅಂದರು. ಸುಳ್ಳು ಹೇಳುವ ಮನುಷ್ಯನ ಮುಖ ಅದಲ್ಲ. ಸುಳ್ಳು ಹೇಳಿದ್ದರೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ.

ಕೆಲಸ ಸಿಕ್ಕಿತು, ತೀರ್ಥಹಳ್ಳಿಗೆ ಹೋದೆ, ಅದನ್ನೂ ಬಿಟ್ಟೆ, ಬೇರೆ ಊರು, ಬೇರೆ ಕೆಲಸ, ಮತ್ತೆ ತೀರ್ಥಹಳ್ಳಿ. ನಡುವೆ ಎಷ್ಟೋ ಸಲ ಮಾವನನ್ನು ಕೆಣಕಿದೆ. ಅವರ ಉತ್ತರ ಒಂದೇ. "ಹಂಚು ಒಡೆದಿತ್ತು. ನೀ ತೀರ್ಥಹಳ್ಳಿಗೆ ಹೋದಾಗ ಲಾರಿ ಬಂತು, ಅರ್ಧಕ್ಕರ್ಧ ಹೊಸದು ಹಾಕ್ಸಿದೆ. ಪುರೋಹಿತ್ರು, ಕೊಡೆ, ಅದೆಲ್ಲ ನಿನ್ನ ಕತೆ. ಮೈಸೂರಲ್ಲಿ ಓದಿ ಕತೆ ಕಟ್ಟೋದು ಕಲ್ತಿದ್ದಿ." ಅತ್ತೆಗೆ ಕೊಡೆ ನೆನಪಿತ್ತು, ಪುರೋಹಿತರು ನೆನಪಿರಲಿಲ್ಲ. ಮೇಷ್ಟ್ರು ವರ್ಗವಾಗಿ ಹೋಗಿದ್ದರು. ಮಾವ ಅಷ್ಟು ನಿಶ್ಚಿಂತೆಯಿಂದ ಹೇಳುವಾಗ ನನಗೇ ಅನುಮಾನ ಹತ್ತಿತು. ಅವರ ಮೇಲಿದ್ದ ಅಸಹ್ಯವೇ ಆ ಮಾತುಗಳನ್ನೆಲ್ಲ ಹುಟ್ಟಿಸಿರಬಾರದೇಕೆ?

ಒಮ್ಮೆ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಆ ಮಗನೇ ಸಿಕ್ಕಿದ. ಕೂದಲು ನೆರೆತಿತ್ತು. ಅಂತೂ ಒಂದಿಷ್ಟು ಜಮೀನು ಅವನ ಹೆಸರಿಗೇ ಆಗಿತ್ತು. ಚಹಾ ಕುಡಿಯುತ್ತ ನಾನು, ಅವತ್ತು ಮಳೆ ಬಂದಿತ್ತಾ ಎಂದು ಕೇಳಿದೆ. ಅವನು ಲೋಟ ಕೆಳಗಿಟ್ಟ.

"ಬಂದಿದ್ರೆ ಎಂತ, ಬರ್ದಿದ್ರೆ ಎಂತ ಸ್ವಾಮಿ? ಮಾಡಿರ್ಲಿಲ್ಲ." ಆಮೇಲೆ ನಕ್ಕು, "ನಮ್ಮನೆಗೆ ಬನ್ನಿ ಒಂದ್ಸಲ. ಮಾಡು ತೋರಿಸ್ತೀನಿ" ಅಂದ.

ಈಗ ನನ್ನನ್ನು ಕೇಳಿಕೊಂಡು ಬರುವವರಿಗೆ ಹೇಳುವುದಿಷ್ಟು. ಹಂಚು ಕೈಯಾಡಿಸುವುದಿದ್ದರೆ ಮಳೆಗೆ ಸಾಕಷ್ಟು ಮೊದಲೇ ಮಾಡಿಸಿ, ಬಾಡಿಗೆಯವರಿಗೆ ಮುಂಚೆ ತಿಳಿಸಿ, ಸಂಜೆಯೊಳಗೆ ಹೊದಿಸಲಾಗದಷ್ಟು ಹಂಚನ್ನು ಬೆಳಿಗ್ಗೆ ಇಳಿಸಬೇಡಿ. ಹೊಸ ಹಂಚು ಅಂಗಳಕ್ಕೆ ಬಂದು ಬಿದ್ದ ಮೇಲೆ ಹಳೆಯದನ್ನು ಮುಟ್ಟಿ. ಬಾವಿಯ ಹಗ್ಗ ಬಾವಿಯಲ್ಲಿರಲಿ. ಸಂಸಾರಕ್ಕೊಂದು ಕಕ್ಕಸು ಕಟ್ಟಿಸಲಾಗದಿದ್ದರೆ ಮನೆಯನ್ನೇ ಕಟ್ಟಿಸಬೇಡಿ. ಒಳಗೆ ಹೋಗಬೇಕಾದರೆ ಬಾಗಿಲು ತಟ್ಟಿ, ಬೇಡವೆಂದರೆ ತಿರುಗಿ ಬನ್ನಿ. ನೀವು ಕೊಟ್ಟದ್ದು ಗೋಡೆಗಳನ್ನು, ಒಲೆಯ ಮೇಲಿನ ಪಾತ್ರೆ ಅವರದು. ಖಾಲಿ ಮಾಡಿಸಬೇಕಿದ್ದರೆ ಕಾರಣವನ್ನು ಬಾಯಿಬಿಟ್ಟು ಹೇಳಿ, ಬೇರೆ ಮನೆ ಹುಡುಕಲು ಕಾಲ ಕೊಡಿ. ಒಳಗೆ ಯಾರಾದರೂ ಕಾಯಿಲೆ ಬಿದ್ದಿದ್ದರೆ ಡಾಕ್ಟರು ಬೇಕೇ ಎಂದು ಕೇಳಿ, ಅದಕ್ಕಿಂತ ಹೆಚ್ಚು ಕೇಳಬೇಡಿ. ಜನ ಇರುವ ಮನೆಯಲ್ಲಿ ಜನ ಹುಟ್ಟುತ್ತಾರೆ, ಸಾಯುತ್ತಾರೆ. ಅದು ಆಗದು ಎನ್ನುವವರು ಗೋದಾಮು ಕಟ್ಟಿಸಿ ಅಡಿಕೆ ಮೂಟೆಗೆ ಬಾಡಿಗೆಗೆ ಕೊಡುವುದು ಒಳ್ಳೆಯದು.

ಕೇಳಿದವರಲ್ಲಿ ಬಹಳ ಮಂದಿ ತಲೆಯಾಡಿಸಿ, ಎದ್ದು ಹೋಗುವ ಮೊದಲು, "ಅದು ಸರಿ ಸಾರ್, ಆದ್ರೂ ಮನೇಲಿ ವಯಸ್ಸಾದವ್ರು ಇದ್ರೆ ಸ್ವಲ್ಪ ನೋಡಿ ಕೊಡ್ಬೇಕಲ್ವಾ?" ಎನ್ನುತ್ತಾರೆ.

ಮಾವ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಸಾಲುಮನೆ ಮಾರಾಟವಾಯಿತು. ಕೊಂಡವರು ಅದನ್ನು ಕೆಡವುತ್ತಿದ್ದಾರೆಂದು ತಿಳಿದು ಸಾಗರಕ್ಕೆ ಹೋದೆ. ಒಂದೊಂದು ಮನೆಯ ಹಂಚನ್ನು ಬೇರೆ ಬೇರೆಯಾಗಿ ಇಳಿಸಲು ಹೇಳಿ, ದಿನವಿಡೀ ಬಿಸಿಲಿನಲ್ಲಿ ನಿಂತೆ. ಹಂಚಿನ ಬೆನ್ನಿಗೆ ಅದನ್ನು ಸುಟ್ಟ ಕಾರ್ಖಾನೆಯ ಮುದ್ರೆ ಇರುತ್ತದೆ. ಮೊದಲಿನ ಮೂರು ಮನೆಗಳ ಹಂಚುಗಳಲ್ಲಿ ಹಳೆಯ ಮುದ್ರೆಯ ನಡುನಡುವೆ ಬೇರೆ ಮುದ್ರೆಯವೂ ಇದ್ದವು, ಆಗಾಗ ಬದಲಿಸಿದವು. ಕೊನೆಯ ಕೋಣೆಯ ಹಂಚುಗಳನ್ನು ಒಂದೊಂದಾಗಿ ನಾನೇ ತಿರುಗಿಸಿ ನೋಡಿದೆ. ಎಲ್ಲದರ ಬೆನ್ನಿಗೂ ಸಾಲುಮನೆ ಕಟ್ಟಿಸಿದ ಕಾಲದ ಅದೇ ಹಳೆಯ ಮುದ್ರೆ. ಆ ಮುದ್ರೆಯ ಕಾರ್ಖಾನೆ ಮುದುಕಿ ಸತ್ತ ಬೇಸಿಗೆಗೆ ಎಷ್ಟೋ ಮೊದಲೇ ಮುಚ್ಚಿತ್ತೆಂದು ಹಂಚಿನ ವ್ಯಾಪಾರ ಮಾಡುವವರನ್ನು ಕೇಳಿ ಖಚಿತಪಡಿಸಿಕೊಂಡೆ. ಆ ಕೋಣೆಯ ಮೇಲಿನ ಒಂದು ಹಂಚನ್ನೂ ಯಾರೂ ಯಾವತ್ತೂ ಬದಲಿಸಿರಲಿಲ್ಲ.